ಟಿ.ವಿ. ಪೆಟ್ಟಿಗೆಯ ಮೇಲಿನ ಮಾತುಗಳು



ಮನೆಗೆ ಹೊಸ ಟಿ.ವಿ. ತರಬೇಕೆಂದು ತೀರ್ಮಾನವಾದಾಗ ಹಿರಿಯರು ನಿಮ್ಮನ್ನೂ ಅಂಗಡಿಗೆ ಕರೆದುಕೊಂಡು ಹೋಗುವುದುಂಟು. ಪೆಟ್ಟಿಗೆಯ ಮೇಲೆ ಎಚ್.ಡಿ. ರೆಡಿ, ಫುಲ್ ಎಚ್.ಡಿ., 4ಕೆ, ಎಚ್‌ಡಿಆರ್, ಕ್ಯೂಎಲ್‌ಇಡಿ ಎಂದು ಸಾಲುಸಾಲಾಗಿ ಬರೆದಿರುತ್ತದೆ. ‘ನೀನು ಓದುವ ಹುಡುಗ, ಇದೇನು ಅಂತ ನೋಡಪ್ಪ’ ಎಂದು ತಂದೆಯವರು ಕೇಳುತ್ತಾರೆ. ಅಂಗಡಿಯವರು ಆ ಮಾತುಗಳನ್ನೆಲ್ಲ ಸಲೀಸಾಗಿ ಹೇಳಿಬಿಡುತ್ತಾರೆ. ನೀವೂ ಅರ್ಥವಾದವರಂತೆ ತಲೆಯಾಡಿಸುತ್ತೀರಿ. ಅರ್ಥವಾಗಲಿಲ್ಲ ಎಂದು ಹೇಳಲು ಸಂಕೋಚ! ಆದರೆ ಆ ಸಂಕೋಚಕ್ಕೂ ಒಂದು ಬೆಲೆಯಿದೆ. ಅದನ್ನು ಮನೆಯವರು ತಿಂಗಳು ತಿಂಗಳು ಕಂತಿನ ರೂಪದಲ್ಲಿ ಕಟ್ಟಬೇಕಾಗುತ್ತದೆ.

ಈ ಮಾತುಗಳು ಆಕಾಶದಿಂದ ಇಳಿದು ಬಂದವಲ್ಲ. ಒಂದೊಂದಕ್ಕೂ ಒಂದು ಹುಟ್ಟಿದ ಕಾಲವಿದೆ, ಹುಟ್ಟಿಗೆ ಕಾರಣವಿದೆ. ಕೆಲವು ಎಂಜಿನಿಯರುಗಳು ಒಟ್ಟಿಗೆ ಕುಳಿತು ಒಪ್ಪಿಕೊಂಡ ಅಳತೆಗಳು. ಮತ್ತೆ ಕೆಲವು ಮಾರಾಟಕ್ಕಾಗಿ ಕಟ್ಟಿದ ಹೆಸರುಗಳು. ಯಾವುದು ಅಳತೆ, ಯಾವುದು ಹೆಸರು ಎಂದು ತಿಳಿದರೆ ಅರ್ಧ ಗೊಂದಲ ಕಳೆದಂತೆಯೇ. ಇದಕ್ಕೆ ಈ ಮಾತುಗಳ ಚರಿತ್ರೆಯೇ ನಮಗೆ ದಾರಿ ತೋರಿಸುತ್ತದೆ.

ಇಂಚಿನ ಕಥೆ

ಮೊದಲು ಎಲ್ಲರಿಗೂ ಗೊತ್ತಿರುವ ‘ಇಂಚು’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಟಿ.ವಿ.ಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯುವುದೇಕೆ? ಆರಂಭಕಾಲದ ಚಿತ್ರನಳಿಗೆಗಳ ಮುಖ ದುಂಡಗಿತ್ತು. ದುಂಡಗಿನ ವಸ್ತುವನ್ನು ವ್ಯಾಸದಿಂದ ಅಳೆಯುವುದು ಸಹಜ. 1950ರ ಸುಮಾರಿಗೆ ಆಯತಾಕಾರದ ನಳಿಗೆಗಳು ಬಳಕೆಗೆ ಬಂದವು. ವ್ಯಾಸದ ಜಾಗದಲ್ಲಿ ಕರ್ಣರೇಖೆ ಬಂದು ಕುಳಿತಿತು.

ಗೊಂದಲ ಹುಟ್ಟಿದ್ದು ಇಲ್ಲಿಯೇ. ಗಾಜಿನ ನಳಿಗೆಯ ಅಂಚು ಪೆಟ್ಟಿಗೆಯ ಚೌಕಟ್ಟಿನೊಳಗೆ ಮುಚ್ಚಿಹೋಗುತ್ತಿತ್ತು. ಹೀಗಾಗಿ ಹೇಳುವ ಅಳತೆ ಒಂದು, ಕಣ್ಣಿಗೆ ಕಾಣುವ ಚಿತ್ರದ ಅಳತೆ ಇನ್ನೊಂದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1966ರಲ್ಲಿ ಇದಕ್ಕೊಂದು ನಿಯಮವನ್ನೇ ಮಾಡಿತು. ಕಾಣುವ ಚಿತ್ರದ ಅಡ್ಡಗಲವನ್ನು ಹೇಳಬೇಕು, ಇಲ್ಲವೇ ಹೇಗೆ ಅಳೆದದ್ದೆಂದು ಸ್ಪಷ್ಟವಾಗಿ ತಿಳಿಸಬೇಕು ಎಂಬುದು ಅದರ ಸಾರ. ಅರ್ಧ ಶತಮಾನ ಜಾರಿಯಲ್ಲಿದ್ದ ಈ ನಿಯಮವನ್ನು 2018ರಲ್ಲಿ ರದ್ದುಪಡಿಸಲಾಯಿತು.

ಸರಿಯಾಗಿ ಅಳೆದ ಇಂಚು ಕೂಡ ಪೂರ್ತಿ ಕಥೆ ಹೇಳುವುದಿಲ್ಲ. ಒಂದು ಲೆಕ್ಕ ಮಾಡಿ ನೋಡಿ. ಹಳೆಯ ಟಿ.ವಿ.ಗಳ ಅಗಲ–ಎತ್ತರದ ಪ್ರಮಾಣ 4:3. 20 ಇಂಚಿನ ಅಂಥ ಪರದೆ 16 ಇಂಚು ಅಗಲ, 12 ಇಂಚು ಎತ್ತರ. ವಿಸ್ತೀರ್ಣ 192 ಚದರ ಇಂಚು. ಇಂದಿನ ಪ್ರಮಾಣ 16:9. ಅದೇ 20 ಇಂಚಿನ ಪರದೆ ಈಗ ಸುಮಾರು 17.4 ಇಂಚು ಅಗಲ, 9.8 ಇಂಚು ಎತ್ತರ. ವಿಸ್ತೀರ್ಣ ಸುಮಾರು 171 ಚದರ ಇಂಚು. ಕರ್ಣ ಒಂದೇ ಆದರೂ ಚಿತ್ರ ಚಿಕ್ಕದಾಯಿತಲ್ಲವೇ? ತರಗತಿಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ಅಂಗಡಿಯಲ್ಲೂ ಉಪಯೋಗಕ್ಕೆ ಬರುವುದು ಹೀಗೆ.

ಆಯ್ಕೆಯೇ ಇಲ್ಲದ ಕಾಲ

ನಮ್ಮ ದೇಶದಲ್ಲಿ ಟೆಲಿವಿಷನ್ ಪ್ರಸಾರ ಪ್ರಾಯೋಗಿಕವಾಗಿ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. 1975–76ರಲ್ಲಿ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಾರ್ವಜನಿಕ ಟಿ.ವಿ.ಗಳನ್ನು ಇಡಲಾಯಿತು. ನಮ್ಮ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಸಂಜೆ ಊರಿನವರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕೂಡುತ್ತಿದ್ದರು. ಯಾವ ಟಿ.ವಿ. ಒಳ್ಳೆಯದು ಎಂಬ ಪ್ರಶ್ನೆ ಅವರಿಗೆ ಬರಲೇ ಇಲ್ಲ, ಏಕೆಂದರೆ ಕೊಳ್ಳುವವರು ಅವರಾಗಿರಲಿಲ್ಲ.

1982ರಲ್ಲಿ ವರ್ಣ ಪ್ರಸಾರ ಬಂದಿತು. ಆ ವರ್ಷದ ನವೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಕ್ರೀಡಾಕೂಟವನ್ನು ಜನ ಬಣ್ಣದಲ್ಲಿ ನೋಡಿದರು. ಅದರೊಂದಿಗೆ ‘ಪಾಲ್’ ಎಂಬ ಮಾತೂ ಮನೆಗಳಿಗೆ ಬಂದಿತು. ಅಮೆರಿಕ 1953ರಲ್ಲಿ ಎನ್‌ಟಿಎಸ್‌ಸಿ ಎಂಬ ವರ್ಣ ಪದ್ಧತಿಯನ್ನು ಒಪ್ಪಿಕೊಂಡಿತ್ತು. ಅದರಲ್ಲಿ ಪ್ರಸಾರದ ದಾರಿಯಲ್ಲಿ ಬಣ್ಣ ಕೆಡುವುದುಂಟು. ಜರ್ಮನಿಯ ವಾಲ್ಟರ್ ಬ್ರುಕ್ ಎಂಬ ಎಂಜಿನಿಯರ್ ಇದಕ್ಕೊಂದು ಉಪಾಯ ಕಂಡುಹಿಡಿದರು. ಒಂದು ಬಿಟ್ಟು ಒಂದು ಗೆರೆಯಲ್ಲಿ ಬಣ್ಣದ ಸಂಕೇತವನ್ನು ತಿರುಗುಮುರುಗು ಮಾಡಿದರೆ ಎರಡು ಗೆರೆಗಳ ದೋಷ ಒಂದನ್ನೊಂದು ಕಳೆಯುತ್ತದೆ. ಇದೇ ಪಾಲ್. ಪಶ್ಚಿಮ ಜರ್ಮನಿಯಲ್ಲಿ ಇದು 1967ರಲ್ಲಿ ಆರಂಭವಾಯಿತು. ಅದೇ ವರ್ಷ ಫ್ರಾನ್ಸ್ ಸೆಕಾಂ ಎಂಬ ತನ್ನದೇ ಪದ್ಧತಿಯನ್ನು ತಂದಿತು. ಭಾರತ ಆರಿಸಿಕೊಂಡದ್ದು 625 ಗೆರೆಗಳ ಪಾಲ್ ಪದ್ಧತಿಯನ್ನು. ಅಮೆರಿಕದ್ದು 525 ಗೆರೆ. ಅಲ್ಲಿನ ಪದ್ಧತಿಗೆ ಮಾತ್ರ ಹೊಂದುವ ಸೆಟ್ಟನ್ನು ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೂ ಅದು ನಮ್ಮ ಪ್ರಸಾರವನ್ನು ಸರಿಯಾಗಿ ತೋರಿಸಲಾರದು. ಇಲ್ಲಿ ಮಾತು ಕಷ್ಟವಾಗಿದ್ದರೂ ಪ್ರಾಮಾಣಿಕವಾಗಿತ್ತು. ಪಾಲ್ ಎಂದರೆ ಇಂಥದ್ದೇ ಎಂಬ ಒಪ್ಪಿದ ಅರ್ಥ ಅದರ ಹಿಂದಿತ್ತು.

ವಾಟ್ ಮತ್ತು ಚಪ್ಪಟೆ

ಎಲ್ಲ ಮಾತುಗಳೂ ಹಾಗಿರಲಿಲ್ಲ. 1990ರ ದಶಕದ ಟಿ.ವಿ. ಮತ್ತು ಟೇಪ್ ರೆಕಾರ್ಡರುಗಳ ಮೇಲೆ ‘ಪಿಎಂಪಿಒ’ ಎಂಬ ಅಕ್ಷರಗಳೊಂದಿಗೆ ನೂರಾರು ವಾಟ್‌ಗಳ ಸಂಖ್ಯೆ ಅಚ್ಚಾಗಿರುತ್ತಿತ್ತು. ಸದ್ದು ಒಂದು ಕ್ಷಣ ಮುಟ್ಟಬಹುದಾದ ತುದಿ ಎಂದು ಅದರ ಭಾವ. ಆದರೆ ಅದನ್ನು ಹೇಗೆ ಅಳೆಯಬೇಕೆಂಬುದಕ್ಕೆ ಎಲ್ಲರೂ ಒಪ್ಪಿದ ಕ್ರಮವೇ ಇರಲಿಲ್ಲ. ಅದೇ ಪೆಟ್ಟಿಗೆಯ ಹಿಂಬದಿಯ ಚೀಟಿ ಓದಿದರೆ, ಅದು ಬಳಸುವ ವಿದ್ಯುತ್ತೇ ನೂರು ವಾಟ್ ಆಸುಪಾಸು! ತೆಗೆದುಕೊಳ್ಳುವುದಕ್ಕಿಂತ ಹೆಚ್ಚು ಶಕ್ತಿಯನ್ನು ಯಾವ ಯಂತ್ರವೂ ನಿರಂತರವಾಗಿ ಕೊಡಲಾರದೆಂದು ಭೌತಶಾಸ್ತ್ರ ಓದಿದ ನಿಮಗೆ ಗೊತ್ತು. ಅಮೆರಿಕದಲ್ಲಿ 1974ರಷ್ಟು ಹಿಂದೆಯೇ, ಮನೆಬಳಕೆಯ ಆಂಪ್ಲಿಫೈಯರುಗಳ ನಿರಂತರ ಶಕ್ತಿಯನ್ನು ನಿಗದಿತ ಕ್ರಮದಲ್ಲಿ ಅಳೆದು ಹೇಳಬೇಕೆಂದು ನಿಯಮವಾಗಿತ್ತು.

‘ಚಪ್ಪಟೆ’ ಎಂಬ ಮಾತಿನ ಕಥೆಯೂ ಸ್ವಾರಸ್ಯವಾಗಿದೆ. ಎಫ್‌ಎಸ್‌ಟಿ ಎಂಬ ಹೆಸರಿನ ನಳಿಗೆಗಳು ಬಂದಾಗ ಅದನ್ನು ‘ಚಪ್ಪಟೆ, ಚೌಕ ನಳಿಗೆ’ ಎಂದು ಜನ ತಿಳಿದರು. ಮೂಲದಲ್ಲಿ ಅದರ ಅರ್ಥ ‘ಮೊದಲಿಗಿಂತ ಚಪ್ಪಟೆ, ಮೊದಲಿಗಿಂತ ಚೌಕ’ ಎಂದಷ್ಟೇ. ಪರದೆ ಸ್ವಲ್ಪ ಉಬ್ಬಿಯೇ ಇತ್ತು. ಮುಂದೆ ನಿಜವಾಗಿ ಚಪ್ಪಟೆಯಾದ ಪರದೆ ಬಂದಾಗ ‘ಪೂರ್ತಿ ಚಪ್ಪಟೆ’ ಎಂದು ಹೊಸದಾಗಿ ಹೇಳಬೇಕಾಯಿತು.

ರೆಡಿ ಎಂದರೆ ಏನು ರೆಡಿ?

ಹೊಸ ಶತಮಾನದಲ್ಲಿ ನಳಿಗೆ ಹೋಗಿ ತೆಳುವಾದ ಫಲಕ ಬಂದಿತು. ಯೂರೋಪಿನ ತಯಾರಕರ ಸಂಘ 2005ರಲ್ಲಿ ‘ಎಚ್.ಡಿ. ರೆಡಿ’ ಎಂಬ ಗುರುತನ್ನು ಜಾರಿಗೆ ತಂದಿತು. ಪರದೆಯಲ್ಲಿ ಕನಿಷ್ಠ 720 ಸಾಲುಗಳಿರಬೇಕು, ಎಚ್.ಡಿ. ಸಂಕೇತವನ್ನು ಸ್ವೀಕರಿಸಬೇಕು ಎಂಬುದು ನಿಬಂಧನೆ. ಎಚ್.ಡಿ. ಪ್ರಸಾರವನ್ನು ಹಿಡಿಯುವ ಸಾಧನ ಒಳಗೇ ಇರಬೇಕೆಂದೇನೂ ಇರಲಿಲ್ಲ. ಪರದೆ ರೆಡಿ, ಪ್ರಸಾರವನ್ನು ನೀವೇ ಹೊಂದಿಸಿಕೊಳ್ಳಬೇಕು! ಇಂದಿನ ‘ಎಚ್‌ಡಿಆರ್’ ಕೂಡ ಹೀಗೆಯೇ. ಅದರ ಸಂಕೇತವನ್ನು ಸ್ವೀಕರಿಸುವುದು ಬೇರೆ, ಅದಕ್ಕೆ ತಕ್ಕ ಬೆಳಕು ಪರದೆಯಲ್ಲಿರುವುದು ಬೇರೆ.

ಆಮೇಲೆ 4ಕೆ ಬಂದಿತು. ‘1080’ ಎಂದರೆ ಸಾಲುಗಳ ಲೆಕ್ಕ, ಅಂದರೆ ಎತ್ತರದ ಲೆಕ್ಕ. ‘4ಕೆ’ ಎಂದರೆ ಅಗಲದ ಲೆಕ್ಕ. ಸಿನಿಮಾದವರ 4ಕೆಯಲ್ಲಿ ಅಡ್ಡಲಾಗಿ 4096 ಬಿಂದುಗಳಿದ್ದವು, ಟಿ.ವಿ.ಯವರು 3840ಕ್ಕೂ ಅದೇ ಹೆಸರು ಹಿಡಿದರು. 1080ರಿಂದ 4000ಕ್ಕೆ ಹಾರಿದಂತೆ ಕಂಡರೂ ವಾಸ್ತವದಲ್ಲಿ ಅಗಲ ಎರಡು ಪಟ್ಟು, ಎತ್ತರ ಎರಡು ಪಟ್ಟು, ಒಟ್ಟು ಬಿಂದುಗಳು ನಾಲ್ಕು ಪಟ್ಟು. 1920ನ್ನು 1080ರಿಂದ, 3840ನ್ನು 2160ರಿಂದ ಗುಣಿಸಿ ನೋಡಿದರೆ ನಿಮಗೇ ತಿಳಿಯುತ್ತದೆ. ಚಿಕ್ಕ ಪರದೆಯನ್ನು ದೂರದಿಂದ ನೋಡುವವರ ಕಣ್ಣು ಈ ಬಿಂದುಗಳನ್ನು ಬಿಡಿಸಿ ನೋಡಲಾರದು ಎಂಬುದನ್ನೂ ಮರೆಯಬಾರದು.

ಹೆಸರಿನ ಹೋಲಿಕೆ

ಕೊನೆಯದಾಗಿ ಎಲ್‌ಇಡಿ. ಎಲ್‌ಸಿಡಿ ಪರದೆಗೆ ತನ್ನದೇ ಬೆಳಕಿಲ್ಲ. ಹಿಂದಿನಿಂದ ದೀಪ ಬೇಕು. ಮೊದಲು ಅಲ್ಲಿ ಸಣ್ಣ ಫ್ಲೋರೊಸೆಂಟ್ ದೀಪಗಳಿದ್ದವು. ಅವುಗಳ ಬದಲು ಎಲ್‌ಇಡಿ ದೀಪ ಬಂದಾಗ ಇಡೀ ಟಿ.ವಿ.ಗೇ ‘ಎಲ್‌ಇಡಿ ಟಿ.ವಿ.’ ಎಂದು ನಾಮಕರಣವಾಯಿತು. ಬದಲಾದದ್ದು ದೀಪ, ಪರದೆ ಎಲ್‌ಸಿಡಿಯೇ. 2009ರಲ್ಲಿ ಬ್ರಿಟನ್ನಿನ ಜಾಹೀರಾತು ಗುಣಮಟ್ಟ ಪ್ರಾಧಿಕಾರವು ಇಂಥ ಒಂದು ಜಾಹೀರಾತು ಗ್ರಾಹಕರ ದಾರಿ ತಪ್ಪಿಸುವಂತಿದೆ ಎಂದು ತೀರ್ಪಿತ್ತಿತು. ಆದರೂ ಹೆಸರು ಉಳಿದುಕೊಂಡಿತು.

ಓಎಲ್‌ಇಡಿ ಬೇರೆಯೇ ಜಾತಿ. ಅದರ ಪ್ರತಿಯೊಂದು ಬಿಂದುವೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. 1987ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್ ಅವರ ಪ್ರಯೋಗ ಇದಕ್ಕೆ ಬುನಾದಿ. 2017ರಲ್ಲಿ ‘ಕ್ಯೂಎಲ್‌ಇಡಿ’ ಎಂಬ ಹೆಸರು ಮಾರುಕಟ್ಟೆಗೆ ಬಂದಿತು. ಅದರಲ್ಲಿ ಎಲ್‌ಸಿಡಿ ಪರದೆಯ ಹಿಂದಿನ ಬೆಳಕನ್ನು ಕ್ವಾಂಟಮ್ ಚುಕ್ಕೆಗಳೆಂಬ ಅತಿಸೂಕ್ಷ್ಮ ಕಣಗಳು ಶುದ್ಧ ಬಣ್ಣವಾಗಿಸುತ್ತವೆ. ಆ ಚುಕ್ಕೆಗಳ ಸಂಶೋಧನೆಗೆ 2023ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿದೆ; ವಿಜ್ಞಾನದಲ್ಲಿ ಲೋಪವಿಲ್ಲ. ಆದರೆ ಇಂಗ್ಲಿಷ್ ಲಿಪಿಯಲ್ಲಿ ಓ ಅಕ್ಷರಕ್ಕೊಂದು ಸಣ್ಣ ಬಾಲ ಸೇರಿಸಿದರೆ ಕ್ಯೂ ಆಗುತ್ತದೆ. ಅವಸರದಲ್ಲಿ ಓದುವವರಿಗೆ ಎರಡೂ ಒಂದೇ ಎನಿಸಿದರೆ ಆಶ್ಚರ್ಯವೇನು?

ಮೂರು ಪ್ರಶ್ನೆಗಳು

ಈ ಚರಿತ್ರೆಯಿಂದ ನಾವು ಕಲಿಯುವುದೇನು? ಅಂಗಡಿಯಲ್ಲಿ ಯಾವುದೇ ಹೊಸ ಮಾತು ಕೇಳಿದಾಗ ಮೂರು ಪ್ರಶ್ನೆ ಹಾಕಿಕೊಳ್ಳಿ. ಇದು ಯಾವುದರ ಅಳತೆ? ಅಳೆಯುವ ಕ್ರಮವನ್ನು ಒಪ್ಪಿದವರು ಯಾರು? ನಮ್ಮ ಮನೆಯಲ್ಲಿ, ನಾವು ಕೂರುವ ದೂರದಿಂದ, ಇದರಿಂದ ಕಾಣುವ ವ್ಯತ್ಯಾಸವೇನು? ಇಂಚು, ಪಾಲ್, 1080 ಇವು ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ಪಿಎಂಪಿಒ ಎರಡನೆಯ ಪ್ರಶ್ನೆಗೇ ಮೌನವಾಗುತ್ತದೆ.

ಸರಿಯಾದ ಮಾಹಿತಿ ಪಡೆಯುವುದು ಕೊಳ್ಳುವವರ ಹಕ್ಕು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಹೇಳಿತು. ಅದರ ಸ್ಥಾನಕ್ಕೆ ಬಂದ 2019ರ ಕಾಯ್ದೆ, ದಾರಿ ತಪ್ಪಿಸುವ ಜಾಹೀರಾತುಗಳ ಮೇಲೆ ಕ್ರಮ ಕೈಗೊಳ್ಳಲು ಒಂದು ಕೇಂದ್ರ ಪ್ರಾಧಿಕಾರಕ್ಕೂ ಅವಕಾಶ ಕಲ್ಪಿಸಿತು. ಆದರೆ ಕಾಯ್ದೆ ಕೆಲಸಕ್ಕೆ ಬರುವುದು ಕೊಳ್ಳುವವರು ಬಾಯಿ ತೆರೆದಾಗ ಮಾತ್ರ. ಆದ್ದರಿಂದ ಮುಂದಿನ ಸಲ ತಂದೆಯವರು ‘ಇದೇನು ನೋಡಪ್ಪ’ ಎಂದಾಗ ಸುಮ್ಮನೆ ತಲೆಯಾಡಿಸಬೇಡಿ. ‘ನನಗೆ ಅರ್ಥವಾಗಲಿಲ್ಲ, ಸ್ವಲ್ಪ ಬಿಡಿಸಿ ಹೇಳಿ ಸಾರ್’ ಎಂದು ಅಂಗಡಿಯವರನ್ನು ಕೇಳಿ. ಹಾಗೆ ಕೇಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಉತ್ತರ ತೃಪ್ತಿಯಾಗದಿದ್ದರೆ ಆ ದಿನ ಬರಿಗೈಯಲ್ಲಿ ಮನೆಗೆ ಬಂದರೂ ನಷ್ಟವಿಲ್ಲ.