ಲೈನ್

ಲೈನ್ (ಲೈನು): ಇಂಗ್ಲಿಷಿನಿಂದ ಬಂದು ಕನ್ನಡದಲ್ಲಿ ಬೇರುಬಿಟ್ಟ ನಾಮಪದ. ಗೆರೆ, ಸಾಲು, ಸರತಿ, ವಿದ್ಯುತ್ ತಂತಿ, ರೈಲು ಹಾದಿ, ನೀರಿನ ಕೊಳವೆ, ಗಡಿ, ಪದ್ಯದ ಪಾದ, ಕಸುಬಿನ ಕ್ಷೇತ್ರ, ಕಾರ್ಮಿಕರ ವಸತಿ ಎಲ್ಲಕ್ಕೂ ಇದು ಸಲ್ಲುತ್ತದೆ. ಈ ಅರ್ಥಗಳೆಲ್ಲ ಹುಟ್ಟಿದ್ದು ಒಂದು ಎಳೆ ದಾರದಿಂದ. ಈ ಬರಹದ ಉದಾಹರಣೆಗಳಲ್ಲಿ ಹೆಚ್ಚಿನವು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ, ನೂಲ, ಇಚಲಕರಂಜಿ ಕಡೆಯವು. ಕನ್ನಡ ಮರಾಠಿಗಳು ಒಂದೇ ಅಂಗಳದಲ್ಲಿ ಓಡಾಡುವ, ಮಗ್ಗದ ಸದ್ದು ನಿಲ್ಲದ ಈ ಸೀಮೆಯಲ್ಲಿ ದಾರಕ್ಕೆ ಸಂಬಂಧಿಸಿದ ಮಾತುಗಳು ದಂಡಿಯಾಗಿವೆ.

ಮೂಲ ಹುಡುಕಿದರೆ ಲ್ಯಾಟಿನ್ ಭಾಷೆಯ ‘ಲೀನುಮ್’ ಎಂಬ ಶಬ್ದ ಸಿಗುತ್ತದೆ. ಅದರ ಅರ್ಥ ಅಗಸೆ ಗಿಡ, ಅದರ ನಾರು. ಅಗಸೆ ನಾರಿನ ದಾರ ‘ಲೀನೆಯ’ ಆಯಿತು. ಹಳೆಯ ಇಂಗ್ಲಿಷಿಗೆ ಬರುವಾಗ ಅದು ಹಗ್ಗವನ್ನೂ ಸೂಚಿಸುತ್ತಿತ್ತು. ಮುಂದೆ ಫ್ರೆಂಚಿನ ‘ಲಿಞ್’ ಅದೇ ಮೂಲದಿಂದ ಬಂದು ಇದರೊಡನೆ ಬೆರೆಯಿತು. ಲಿನನ್ ಬಟ್ಟೆ, ಲಿನ್‌ಸೀಡ್ ಎಣ್ಣೆ, ಆ ಎಣ್ಣೆಯಿಂದ ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ತಯಾರಿಸಿದ ನೆಲಹಾಸು ಲಿನೋಲಿಯಂ ಎಲ್ಲವೂ ಒಂದೇ ಬಳ್ಳಿಯ ಕುಡಿಗಳು. ಅಗಸೆಯ ಸಸ್ಯಶಾಸ್ತ್ರೀಯ ಹೆಸರು ಲೈನಮ್ ಯುಸಿಟಾಟಿಸಿಮಮ್; ಎರಡನೆಯ ಪದದ ಅರ್ಥ ‘ಅತಿ ಹೆಚ್ಚು ಬಳಕೆಯದು’. ಯುರೋಪು ಈ ಗಿಡವನ್ನು ಬಹುಕಾಲ ನಾರಿಗಾಗಿ ಬೆಳೆಯಿತು, ನಮ್ಮಲ್ಲಿ ಬೆಳೆಯುವುದು ಬೀಜಕ್ಕಾಗಿ. ಜೋಳದ ರೊಟ್ಟಿಯ ಮಗ್ಗುಲಲ್ಲಿ ಕೂರುವ ಅಗಸಿ ಚಟ್ನಿಗೂ ರೈಲ್ವೆ ಲೈನಿಗೂ ಬಳಗ ಒಂದೇ ಎಂದರೆ ಉಣ್ಣುವವರು ನಂಬಲಿಕ್ಕಿಲ್ಲ. (ದಕ್ಷಿಣದಲ್ಲಿ ಹೂವು, ಸೊಪ್ಪಿಗಾಗಿ ಬೆಳೆಸುವ ಅಗಸೆ ಮರ ಬೇರೆಯದೇ ಜಾತಿ, ಅದಕ್ಕೂ ಈ ಪದಕ್ಕೂ ನಂಟಿಲ್ಲ.)

ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ನೇರವಾಗುತ್ತದೆ, ಎರಡು ತುದಿಗಳನ್ನು ಜೋಡಿಸುತ್ತದೆ, ಆಚೆ ಈಚೆಯನ್ನು ಬೇರ್ಪಡಿಸುತ್ತದೆ. ಲೈನಿನ ಬಹುಪಾಲು ಅರ್ಥಗಳನ್ನು ಈ ಮೂರು ಗುಣಗಳಲ್ಲಿ ಹಂಚಬಹುದು. ಗೆರೆ, ಸಾಲು, ಸರತಿಗಳು ನೇರದಿಂದ ಬಂದವು. ರೈಲು, ಫೋನು, ವಿದ್ಯುತ್ತು ಜೋಡಣೆಯಿಂದ. ಗಡಿಯ ಅರ್ಥಗಳು ಬೇರ್ಪಡಿಸುವ ಗುಣದಿಂದ. ಭಾರತದಲ್ಲೂ ರೇಖಾಗಣಿತ ಶುರುವಾದದ್ದು ಹಗ್ಗ ಹಿಡಿದೇ. ಯಜ್ಞವೇದಿಯನ್ನು ಅಳೆದು ಕಟ್ಟುವ ವಿಧಾನ ಹೇಳುವ ಬೌಧಾಯನ ಮೊದಲಾದವರ ಗ್ರಂಥಗಳಿಗೆ ಶುಲ್ಬಸೂತ್ರಗಳೆಂದು ಹೆಸರು. ಶುಲ್ಬವೆಂದರೆ ಹಗ್ಗ, ಸೂತ್ರವೆಂದರೆ ದಾರ. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಮಾತ್ರ ರೇಖೆಯನ್ನು ಅಗಲವಿಲ್ಲದ ಉದ್ದ ಎಂದು ವ್ಯಾಖ್ಯಾನಿಸಿ, ದಾರದ ದಪ್ಪವನ್ನು ಕಳಚಿಹಾಕಿದ.

ನೇಕಾರನಿಗೆ ಆ ದಪ್ಪವೇ ಮುಖ್ಯ. ಇಚಲಕರಂಜಿಯಲ್ಲಿ ನೂಲಿನ ದಪ್ಪವನ್ನು ಕೌಂಟಿನಿಂದ ಹೇಳುತ್ತಾರೆ. ಹತ್ತಿಯ ಇಂಗ್ಲಿಷ್ ಕೌಂಟಿನ ಲೆಕ್ಕದಲ್ಲಿ 840 ಗಜದ ಎಷ್ಟು ಲಡಿಗಳು ಕೂಡಿ ಒಂದು ಪೌಂಡ್ ತೂಗುತ್ತವೋ ಅಷ್ಟು ಕೌಂಟು. 40 ಕೌಂಟಿನ ಒಂದು ಪೌಂಡ್ ನೂಲನ್ನು ಬಿಚ್ಚಿ ಹಾಸಿದರೆ 33,600 ಗಜ ಆಗುತ್ತದೆ. ಕೌಂಟು ಏರಿದಷ್ಟೂ ಎಳೆ ತೆಳು. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಇಲ್ಲಿ ಮೊದಲ ವಿದ್ಯುತ್‌ಮಗ್ಗ ಹೂಡಿದರು. ಆಗ ಊರು ಘೋರ್ಪಡೆ ಮನೆತನದ ಜಹಗೀರಿನಲ್ಲಿತ್ತು. ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರು ಉದ್ಯಮಕ್ಕೆ ಒತ್ತಾಸೆಯಾಗಿದ್ದರು. ಹಾಸು ಸುತ್ತುವ ಬೀಮು, ನೂಲಿಗೆ ಗಂಜಿ ಹಚ್ಚುವ ಸೈಜಿಂಗ್, ಮಗ್ಗ ನೋಡಿಕೊಳ್ಳುವ ಜಾಬರ್ ಎಂಬ ಇಂಗ್ಲಿಷ್ ಮಾತುಗಳೆಲ್ಲ ಮಗ್ಗದ ಜೊತೆಗೇ ಬಂದವು. ಸೋಜಿಗವೆಂದರೆ, ತನ್ನ ಹುಟ್ಟಿನಲ್ಲೇ ದಾರವಾಗಿದ್ದ ಲೈನನ್ನು ಇಲ್ಲಿ ಯಾರೂ ದಾರಕ್ಕೆ ಬಳಸುವುದಿಲ್ಲ. ಅದಕ್ಕೆ ಮರಾಠಿಯ ಸೂತ ಇದೆ, ಕನ್ನಡದ ನೂಲು ಇದೆ. ಅಗಸೆ ನಾರಿನಲ್ಲಿ ಉದ್ದ ಎಳೆಗಳನ್ನು ಬೇರೆ ತೆಗೆದು ‘ಲೈನ್’ ಎನ್ನುವ ವಾಡಿಕೆ ಯುರೋಪಿನ ಲಿನನ್ ಉದ್ಯಮದಲ್ಲಿ ಉಳಿದಿದೆ. ಹತ್ತಿಯ ಊರಿಗೆ ಅದು ಬೇಕಾಗಲಿಲ್ಲ.

ನೂಲು ದ್ರಾವಿಡ ಭಾಷೆಗಳ ಸಮಾನ ಆಸ್ತಿ. ಕನ್ನಡ, ತುಳು, ತೆಲುಗು, ತಮಿಳು, ಮಲಯಾಳ ಎಲ್ಲದರಲ್ಲೂ ಇದೆ. ಶ್ರಾವಣದ ಹುಣ್ಣಿಮೆಯನ್ನು ನಾವು ನೂಲ ಹುಣ್ಣಿಮೆ ಎನ್ನುತ್ತೇವೆ. ಗಡಹಿಂಗ್ಲಜ ತಾಲೂಕಿನಲ್ಲಿ ನೂಲ ಎಂಬ ಊರೇ ಇದೆ, ಲಿಂಗಾಯತ ಪರಂಪರೆಯ ಸುರಗೀಶ್ವರ ಮಠದ ಊರು. ಉಚ್ಚಾರ ಕೂಡಿತೆಂದು ಊರಿನ ಹೆಸರನ್ನು ಹತ್ತಿಯ ನೂಲಿಗೆ ಗಂಟು ಹಾಕುವುದು ಅವಸರದ ಕೆಲಸ. ಸ್ಥಳನಾಮಗಳ ಇತಿಹಾಸವನ್ನು ಶಾಸನ, ದಫ್ತರಗಳಲ್ಲಿನ ಹಳೆಯ ರೂಪಗಳಿಂದ ನಿರ್ಧರಿಸಬೇಕು. ಹಾಗೆಯೇ ಹಗ್ಗ ಹೊಸೆಯುವ ಕಾಯಕದ ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನ ಹೆಸರಿನಲ್ಲಿರುವುದು ಹೊಸೆ, ತಿರುಚು ಎಂಬರ್ಥದ ‘ನುಲಿ’, ನೂಲು ಅಲ್ಲ. ಅಲ್ಲಿನ ಉಕಾರ ಹ್ರಸ್ವ.

ದಾರದಿಂದ ಬರಹಕ್ಕೆ ದಾಟುವುದು ಹಲವು ಭಾಷೆಗಳು ತುಳಿದ ಹಾದಿ. ತಮಿಳಿನಲ್ಲಿ ನೂಲ್ ಎಂದರೆ ದಾರವೂ ಹೌದು, ಗ್ರಂಥವೂ ಹೌದು. ಹದಿಮೂರನೆಯ ಶತಮಾನದ ಜೈನ ವೈಯಾಕರಣ ಪವಣಂದಿ ಬರೆದ ವ್ಯಾಕರಣದ ಹೆಸರು ‘ನನ್ನೂಲ್’, ಅಂದರೆ ಒಳ್ಳೆಯ ಗ್ರಂಥ. ಸಂಸ್ಕೃತದ ಸೂತ್ರ ದಾರದಿಂದ ಹೊರಟು ಪಾಣಿನಿಯ ಚುಟುಕು ನಿಯಮವಾಯಿತು, ಗಣಿತದ ಸೂತ್ರವಾಯಿತು, ನಾಟಕದಲ್ಲಿ ಸೂತ್ರಧಾರನಾಯಿತು. ಇಂಗ್ಲಿಷಿನಲ್ಲಿ ಲೈನ್ ಪದ್ಯದ ಸಾಲಾಯಿತು, ನಟ ಬಾಯಿಪಾಠ ಮಾಡುವ ಮಾತಾಯಿತು. ಇಂದಿನ ಕನ್ನಡದಲ್ಲಿ ನೂಲು ಬಟ್ಟೆಯ ಕಡೆಗೇ ನಿಂತಿತು. ಬರಹದ ಕೆಲಸವನ್ನು ಸಾಲು ವಹಿಸಿಕೊಂಡಿತು. ಮರಾಠಿ ಶಾಲೆಯ ಮಗು ಅದನ್ನೇ ‘ಓಳ’ ಎನ್ನುತ್ತದೆ.

ಅಳತೆಯ ಲೋಕದಲ್ಲಿ ಈ ಹೋಲಿಕೆ ಇನ್ನೂ ಹತ್ತಿರವಾಗುತ್ತದೆ. ಹಳೆಯ ಇಂಗ್ಲಿಷ್ ಮಾನದಲ್ಲಿ ಇಂಚಿನ ಹನ್ನೆರಡನೇ ಒಂದು ಪಾಲಿಗೆ ಲೈನ್ ಎಂದು ಹೆಸರಿತ್ತು. ಕೊಲ್ಹಾಪುರದ ಕಡೆಯ ಬಡಗಿ, ಗೌಂಡಿಗಳು ಇಂಚನ್ನು ಎಂಟು ಮಾಡಿ ಒಂದು ಪಾಲನ್ನು ಸೂತ ಎನ್ನುತ್ತಾರೆ, ‘ನಾಲ್ಕು ಸೂತ’ ಎಂದರೆ ಅರ್ಧ ಇಂಚು. ತಮಿಳುನಾಡಿನ ಬಡಗಿ ಅದೇ ಎಂಟನೇ ಒಂದನ್ನು ನೂಲ್ ಎನ್ನುತ್ತಾನೆ. ಒಂದರ ಗುರುತು ಇನ್ನೊಂದಕ್ಕಿಲ್ಲದ ಮೂರು ಪದಗಳು, ಮೂರೂ ದಾರ, ಮೂರೂ ಇಂಚಿನ ಚೂರು. ಗೆರೆ ಎಳೆಯುವ ದಾರದ ತೆಳುವನ್ನೇ ಅತಿ ಸಣ್ಣ ಅಳತೆಯೆಂದು ಕುಶಲಕರ್ಮಿಗಳು ಭಾವಿಸಿದ್ದರಿಂದ ಹೀಗಾಗಿರಬೇಕು. ಗೋಡೆಯ ವರಸೆ ಸೊಟ್ಟಾಗದಂತೆ ಗೌಂಡಿ ಕಟ್ಟುವ ದಾರಕ್ಕೆ ಲೈನ್‌ದೋರಿ ಎನ್ನುತ್ತಾರೆ. ದೋರಿ ಎಂದರೂ ದಾರವೇ, ಲೈನಿನ ಮೂಲವೂ ದಾರವೇ. ಇಟ್ಟಿಗೆ ಇಡುವವನ ಕೈಯಲ್ಲಿ ಲ್ಯಾಟಿನ್ ಪದ ಹುಟ್ಟಿದ ಕೆಲಸಕ್ಕೇ ಮರಳಿದೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಗುಂಡಿಯ ಅಡ್ಡಳತೆಯನ್ನು ಹೇಳುವ ಮಾನದ ಹೆಸರು ಫ್ರೆಂಚಿನ ಲಿಞ್. ಅದರಲ್ಲಿ ಇಂಚಿಗೆ 40. ಅಂಗಿಯ ಗುಂಡಿ ಸಾಮಾನ್ಯವಾಗಿ 18, ಅಂದರೆ ಸುಮಾರು ಹನ್ನೊಂದೂವರೆ ಮಿಲಿಮೀಟರ್. ಅದೇ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಸಾಲೂ ಲೈನು, ಅದರ ಮೇಲ್ವಿಚಾರಕರು ಲೈನ್ ಸೂಪರ್‌ವೈಸರ್.

ಹಳ್ಳಿಗಳಲ್ಲಿ ಹೆಚ್ಚು ಕೇಳುವುದು ಒಯ್ಯುವ ಲೈನು. ಮೀರಜಿನಿಂದ ಕೊಲ್ಹಾಪುರಕ್ಕೆ ರೈಲ್ವೆ ಲೈನು 1891ರಲ್ಲಿ ಶಾಹೂ ಮಹಾರಾಜರ ಕಾಲದಲ್ಲಿ ತೆರೆಯಿತು. ಗಡಹಿಂಗ್ಲಜದವರಿಗೆ ರೈಲಿಗಿಂತ ಹತ್ತಿರದ್ದು ಪೈಪ್‌ಲೈನು: ನದಿಯಿಂದ ನೀರೆತ್ತಿ ದೂರದ ಕಬ್ಬಿನ ಹೊಲಕ್ಕೆ ಸಾಗಿಸುವ ಹೂತ ಕೊಳವೆ. ಹೊಲ ಮಾರುವಾಗ ‘ಪೈಪ್‌ಲೈನ್ ಐತಿ’ ಎಂಬ ಒಂದು ಮಾತು ದರವನ್ನು ಏರಿಸುತ್ತದೆ. ಪಂಪು ತಿರುಗಬೇಕಾದರೆ ಇನ್ನೊಂದು ಲೈನು ಬೇಕು, ವಿದ್ಯುತ್ತಿನದು. ಗಡಿಯ ಈಚೆ, ಕರ್ನಾಟಕದಲ್ಲಿ, ಅದು ವಿದ್ಯುತ್ ಕಂಪನಿ ಹೆಸ್ಕಾಂನದು; ಆಚೆ, ಮಹಾರಾಷ್ಟ್ರದಲ್ಲಿ, ಮಹಾವಿತರಣದ್ದು. ಕಂಬ ಹತ್ತುವವನು ಮಾತ್ರ ಎರಡೂ ಕಡೆ ಲೈನ್‌ಮನ್. ‘ಲೈನ್ ಬಂತನ?’ ಎಂದು ಹೊತ್ತಲ್ಲದ ಹೊತ್ತಿನಲ್ಲಿ ಕೇಳಿದರೆ ರೈತ ತ್ರೀ ಫೇಸ್ ಕರೆಂಟಿನ ಬಗ್ಗೆ ಕೇಳುತ್ತಿದ್ದಾನೆಂದು ತಿಳಿಯಬೇಕು.

ಸರತಿಗೆ ಲೈನ್ ಎನ್ನುವವರು ಪೇಟೆಯವರು. ಉತ್ತರ ಕರ್ನಾಟಕದ ಹಳೆಯ ಮಾತು ಪಾಳೆ ಅಥವಾ ಪಾಳಿ. ರೇಷನ್ ಅಂಗಡಿಯ ಮುಂದೆ ಪಾಳೆ ಹಚ್ಚುತ್ತಾರೆ. ಮಗ್ಗದ ಕೆಲಸದ ಸರದಿಯೂ ದಿನಪಾಳಿ, ರಾತ್ರಿಪಾಳಿ, ಮರಾಠಿಯಲ್ಲೂ ಹಾಗೆಯೇ. ಲೈನ್ ಈ ಎರಡನೆಯ ಅರ್ಥಕ್ಕೆ ಕೈ ಹಾಕಿಲ್ಲ.

ಸಾಲು ಎಂಬ ಅರ್ಥದಿಂದಲೇ ವಸತಿಯ ಅರ್ಥ ಹುಟ್ಟಿತು. ಬ್ರಿಟಿಷ್ ದಂಡಿನಲ್ಲಿ ಸಿಪಾಯಿಗಳ ಗುಡಿಸಲು, ಡೇರೆಗಳ ಸಾಲುಗಳಿಗೆ ಲೈನ್ಸ್ ಎನ್ನುತ್ತಿದ್ದರು. ಪೊಲೀಸ್ ಲೈನ್, ಸಿವಿಲ್ ಲೈನ್ಸ್ ಎಂಬ ಹೆಸರುಗಳು ಆ ಬಳಕೆಯ ಉಳಿಕೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕೂಲಿಕಾರರ ಒಂದೇ ಮಾಡಿನ ಕೋಣೆಗಳು ಲೈನ್ ಮನೆಗಳಾದವು. ‘ಲೈನಿನವರು’ ಎಂದರೆ ಅಲ್ಲಿ ವರ್ಗದ ಗುರುತು, ಅದರಲ್ಲಿ ಒಂದಿಷ್ಟು ತಾತ್ಸಾರವೂ ಬೆರೆತಿರುತ್ತದೆ. ಧಾರವಾಡದ ಲೈನ್ ಬಜಾರಿಗೆ ಮಾತ್ರ ಬಾಬುಸಿಂಗ್ ಠಾಕೂರರ ಪೇಢೆಯಿಂದ ಸಿಹಿ ಹೆಸರು.

ಗಡಿಯ ಅರ್ಥ ಪತ್ರಿಕೆಗಳ ಮೂಲಕ ಬಂದದ್ದು: 1893ರ ಡ್ಯುರಾಂಡ್ ಲೈನ್, 1914ರ ಮ್ಯಾಕ್‌ಮಹೋನ್ ಲೈನ್, 1947ರ ರ‍್ಯಾಡ್‌ಕ್ಲಿಫ್ ಲೈನ್, 1972ರ ಸಿಮ್ಲಾ ಒಪ್ಪಂದದ ನಂತರದ ನಿಯಂತ್ರಣ ರೇಖೆ. ಈ ಸೀಮೆಯ ಬದುಕನ್ನು ಅಲುಗಿಸಿದ ಗೆರೆ ಇವುಗಳಲ್ಲಿ ಇಲ್ಲ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವಾಗ ಚಂದಗಡ ತಾಲೂಕು ಮುಂಬಯಿ ರಾಜ್ಯದಲ್ಲೇ ಉಳಿಯಿತು. ಗಡಹಿಂಗ್ಲಜ ಕೊಲ್ಹಾಪುರ ಸಂಸ್ಥಾನದೊಡನೆ 1949ರಲ್ಲೇ ಆ ರಾಜ್ಯದಲ್ಲಿ ವಿಲೀನವಾಗಿತ್ತು. ಎರಡು ರಾಜ್ಯಗಳ ಗಡಿ ವ್ಯಾಜ್ಯ ತೀರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು, ಮಹಾರಾಷ್ಟ್ರ ಒಪ್ಪಲಿಲ್ಲ. ಇಷ್ಟೆಲ್ಲ ನಡೆದ ಈ ಗೆರೆಗೆ ಕನ್ನಡಿಗರು ಗಡಿ ಎಂದರು, ಮರಾಠಿಗರು ಸೀಮಾ ಎಂದರು, ಬಸ್ಸಿನವರು ಬಾರ್ಡರ್ ಎಂದರು. ಲೈನ್ ಎಂದವರಿಲ್ಲ.

ಹುಡುಗಿಯರ ಹಿಂದೆ ಬೀಳುವುದಕ್ಕೆ ಹುಡುಗರು ಹೇಳುವ ‘ಲೈನ್ ಹೊಡೆಯೋದು’ ಹಿಂದಿಯ ‘ಲೈನ್ ಮಾರ್‌ನಾ’ದ ನೇರ ನಕಲು. ಡೆಡ್‌ಲೈನಿನ ಕತೆ ಇದಕ್ಕಿಂತ ಕಠೋರ: ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಹೊತ್ತಿಗೆ, ಆ್ಯಂಡರ್ಸನ್‌ವಿಲ್ ಸೆರೆಶಿಬಿರದ ಗೋಡೆಯ ಒಳಗೆ ಹಾಕಿದ್ದ ಗೆರೆ ಅದು, ದಾಟಿದ ಕೈದಿಯನ್ನು ಗುಂಡಿಕ್ಕುತ್ತಿದ್ದರು. ಗಡುವು ಎಂಬ ಅರ್ಥದಲ್ಲಿ ಪತ್ರಿಕಾ ಕಚೇರಿಗಳಿಗೆ ಅದು ಬಂದದ್ದು ಆಮೇಲೆ.

ಲೈನಿಂಗ್ ಎಂಬ ರೂಪ ನೇರವಾಗಿ ಬಟ್ಟೆಯಿಂದಲೇ ಬಂದಿದೆ. ಉಡುಪಿನ ಒಳಬದಿಗೆ ಲಿನನ್ ಹಚ್ಚುವುದೇ ಮೊದಲಿಗೆ ಲೈನ್ ಮಾಡುವುದಾಗಿತ್ತು. ನಮ್ಮ ದರ್ಜಿಗಳ ಅಸ್ತರನ್ನು ಲೈನಿಂಗ್ ಬ್ಲೌಸು ಹಿಂದೆ ಸರಿಸಿದೆ. ಒಳಗೆ ಹಚ್ಚುವುದು ಈಗ ಹತ್ತಿ ಅಥವಾ ಪಾಲಿಯೆಸ್ಟರ್. ಒಳಗೆ ಹಚ್ಚುವ ಪದರ ಎಂಬ ಅರ್ಥ ಮುಂದೆ ಬಟ್ಟೆಯನ್ನೂ ಬಿಟ್ಟುಕೊಟ್ಟಿತು. ಗಾಡಿಯ ಬ್ರೇಕ್ ಲೈನಿಂಗ್ ಹಾಗೆ ಬಂದದ್ದು. ಎರಕದ ಕೆಲಸಕ್ಕೆ ಹೆಸರಾದ ಕೊಲ್ಹಾಪುರದಲ್ಲಾಗಲಿ ಸಂಕೇಶ್ವರದ ರಸ್ತೆಬದಿಯ ಗ್ಯಾರೇಜಿನಲ್ಲಾಗಲಿ ಮೆಕ್ಯಾನಿಕ್ ‘ಲೈನರ್ ಹೋಗೇತಿ’ ಎಂದರೆ, ಎಂಜಿನ್ನಿನ ಸಿಲಿಂಡರಿನ ಒಳಗೆ ಕೂರಿಸುವ ಎರಕದ ಕಬ್ಬಿಣದ ಕೊಳವೆ ಸವೆದಿದೆ ಎಂದರ್ಥ.