ಆಹಾರ ಸೇವನೆಯ ಅಸ್ವಸ್ಥತೆಗಳಲ್ಲಿ ವ್ಯಾಯಾಮ: ನಿಷೇಧದಿಂದ ಮೇಲ್ವಿಚಾರಣೆಯ ಕಡೆಗೆ

ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು ಬಳಕೆಗೆ ತಂದ ಲಂಡನ್ನಿನ ವೈದ್ಯ ವಿಲಿಯಂ ಗಲ್, 1874ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲೇ ಒಂದು ವಿಚಿತ್ರವನ್ನು ದಾಖಲಿಸಿದ್ದರು. ಮೂಳೆ ಚಕ್ಕಳವಾಗಿದ್ದ ರೋಗಿ ಸುಮ್ಮನೆ ಕೂರುತ್ತಿರಲಿಲ್ಲ. ಮುಂದೆ ಬಹುಕಾಲ ಚಿಕಿತ್ಸಕರು ಈ ಓಡಾಟವನ್ನು ರೋಗದ ಲಕ್ಷಣವೆಂದಷ್ಟೇ ಕಂಡರು. ಆಸ್ಪತ್ರೆ ಸೇರಿದವರಿಗೆ ಹಾಸಿಗೆಯಲ್ಲೇ ವಿಶ್ರಾಂತಿ ಕಡ್ಡಾಯವಾಯಿತು. ದೇಹಸ್ಥಿತಿ ಅಪಾಯದಲ್ಲಿರುವವರೆಗೆ ಈ ನಿಷೇಧ ಸರಿ. ಅದರಾಚೆಗೂ ಮುಂದುವರಿಸಿದರೆ ಚೇತರಿಕೆಗೆ ನೆರವಾಗಬಲ್ಲ ಒಂದು ಸಾಧನವನ್ನು ನಾವೇ ಕೈಬಿಟ್ಟಂತಾಗುತ್ತದೆ ಎಂಬುದು ಈ ಲೇಖನದ ವಾದ.

1967ರಲ್ಲಿ ರೌಟನ್‌ಬರ್ಗ್ ಮತ್ತು ಕುಜ್ನೆಸಾಫ್ ಇಲಿಗಳಿಗೆ ದಿನಕ್ಕೆ ಒಂದೇ ಗಂಟೆ ಆಹಾರವಿಟ್ಟು, ಉಳಿದ ಹೊತ್ತು ಓಡಲು ಚಕ್ರ ಕೊಟ್ಟರು. ಚಕ್ರವಿಲ್ಲದ ಇಲಿಗಳು ಅದೇ ವೇಳಾಪಟ್ಟಿಗೆ ಹೊಂದಿಕೊಂಡು ಬದುಕಿದವು. ಚಕ್ರವಿದ್ದವು ದಿನದಿನಕ್ಕೂ ಹೆಚ್ಚು ಓಡಿ, ಕಡಿಮೆ ತಿಂದು ಸೊರಗಿದವು, ತಡೆಯದಿದ್ದರೆ ಸತ್ತೇಹೋಗುತ್ತಿದ್ದವು. ಇಲಿಗೆ ತೆಳ್ಳಗಾಗುವ ಆಸೆಯಿಲ್ಲ. ಉಪವಾಸವೇ ಚಡಪಡಿಕೆಯನ್ನು ಕೆರಳಿಸಬಲ್ಲದೆಂದ ಮೇಲೆ ರೋಗಿಯನ್ನು ಹಟಮಾರಿ ಎಂದು ದೂರುವುದು ಅನ್ಯಾಯ. ಆಹಾರ ಮೊದಲು, ವ್ಯಾಯಾಮ ಆಮೇಲೆ ಎಂಬ ಕ್ರಮಕ್ಕೂ ಇದೇ ಆಧಾರ.

ವ್ಯಾಯಾಮದ ಪರವಾದ ಗಟ್ಟಿ ಪುರಾವೆ ಬುಲಿಮಿಯಾದಲ್ಲಿದೆ. ನಾರ್ವೆಯಲ್ಲಿ ಸುಂಡ್‌ಗಾಟ್-ಬೋರ್ಗೆನ್ ತಂಡ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೆಳ್ಳಗಾಗುವ ತುಡಿತವನ್ನೂ ಅತಿಯಾಗಿ ತಿಂದು ಹೊರಹಾಕುವ ವರ್ತನೆಯನ್ನೂ ತಗ್ಗಿಸುವಲ್ಲಿ ವ್ಯಾಯಾಮವು ಅರಿವಿನ ವರ್ತನಾ ಚಿಕಿತ್ಸೆಗಿಂತ ಮುಂದಿತ್ತು. ಗುಂಪುಗಳು ಚಿಕ್ಕವಾಗಿದ್ದುದರಿಂದ ಇದನ್ನು ಕೊನೆಯ ತೀರ್ಪೆಂದು ಹೇಳಲಾರೆ. ಮುಂದೆ ಅದೇ ದೇಶದಲ್ಲಿ ಮಾಥಿಸೆನ್ ಮತ್ತು ಸಂಗಡಿಗರು ವ್ಯಾಯಾಮದ ಜೊತೆ ಪಥ್ಯಾಹಾರ ಮಾರ್ಗದರ್ಶನ ಸೇರಿಸಿ 16 ವಾರಗಳ ಚಿಕಿತ್ಸೆ ರೂಪಿಸಿದರು. ಬುಲಿಮಿಯಾ ಮತ್ತು ಬಿಂಜ್ ಈಟಿಂಗ್ ಇದ್ದ ಮಹಿಳೆಯರಲ್ಲಿ ಅದರ ಫಲ ಅರಿವಿನ ವರ್ತನಾ ಚಿಕಿತ್ಸೆಗೆ ಹೆಚ್ಚುಕಡಿಮೆ ಸಮನಾಗಿತ್ತು. ಇದನ್ನು ನಡೆಸಿದವರು ವ್ಯಾಯಾಮ ತರಬೇತುದಾರರು ಮತ್ತು ಆಹಾರ ತಜ್ಞರು. ಮನಶ್ಶಾಸ್ತ್ರಜ್ಞರ ಕೊರತೆಯಿರುವ ನಮ್ಮ ಜಿಲ್ಲೆಗಳ ದೃಷ್ಟಿಯಿಂದ ಈ ಸಂಗತಿ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ.

ಅನೊರೆಕ್ಸಿಯಾದಲ್ಲಿ ಹೆಚ್ಚಿನ ಎಚ್ಚರ ಬೇಕು. ನಾಡಿ ತೀರಾ ನಿಧಾನವಾಗಿದ್ದರೆ, ವಾಂತಿಯಿಂದ ರಕ್ತದ ಪೊಟ್ಯಾಸಿಯಂ ಕುಸಿದಿದ್ದರೆ, ಇಸಿಜಿಯಲ್ಲಿ ಕ್ಯೂಟಿ ಅವಧಿ ಹಿಗ್ಗಿದ್ದರೆ ವ್ಯಾಯಾಮದ ಮಾತೇ ಎತ್ತಬಾರದು. ಅದೆಲ್ಲ ಸರಿಹೋದ ಮೇಲೂ ಆರಂಭ ಮೈ ಹಿಗ್ಗಿಸುವ ಸರಳ ಚಲನೆಗಳಿಂದಲೇ. ಸ್ನಾಯುಬಲದ ವ್ಯಾಯಾಮ ತೂಕ ಏರಿದಂತೆ. ಕೋಣೆಯಲ್ಲಿ ಕನ್ನಡಿ ಬೇಡ. ಹೆಜ್ಜೆ, ಕ್ಯಾಲೊರಿ ಎಣಿಸುವ ಗಡಿಯಾರವನ್ನು ಬಾಗಿಲಲ್ಲೇ ಬಿಚ್ಚಿಡಬೇಕು. ಶುರುವಿಗೆ ಮುಂಚೆ ತಿಂಡಿ ತಿಂದಿರಬೇಕು. ಕರೆದಾಗ ನಿಲ್ಲಿಸಲಾಗದೆ ‘ಇನ್ನೊಂದೇ ಸುತ್ತು’ ಎನ್ನುವವರನ್ನು ತರಬೇತುದಾರ ಗದರದೆ ಕೂರಿಸಿ, ನಿಂತರೆ ಏನಾಗುತ್ತದೆಂಬ ಭಯ ಕಾಡುತ್ತಿದೆಯೆಂದು ಕೇಳಬೇಕು.

ಗೀಳಿನ ವ್ಯಾಯಾಮವನ್ನೇ ಗುರಿಯಾಗಿಸಿ ರೂಪಿಸಿದ ‘ಲೀಪ್’ ಎಂಬ ಕ್ರಮವನ್ನು ಹೇ ಮತ್ತು ಸಂಗಡಿಗರು ಅನೊರೆಕ್ಸಿಯಾ ಇದ್ದ 78 ವಯಸ್ಕರಲ್ಲಿ ಪರೀಕ್ಷಿಸಿ 2018ರಲ್ಲಿ ವರದಿ ಮಾಡಿದರು. ಲೀಪ್ ಪಡೆದ ಮತ್ತು ಪಡೆಯದ ಎರಡೂ ಗುಂಪುಗಳು ಸುಧಾರಿಸಿದವು, ಆದರೆ ಲೀಪ್ ಸೇರಿಸಿದ್ದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಈ ಫಲಿತಾಂಶವನ್ನು ಮರೆಮಾಚದೆ ಒಪ್ಪಿಕೊಂಡು, ಮುಂದಿನ ಪ್ರಯೋಗಗಳ ಅಳತೆಗೋಲನ್ನು ಹರಿತಗೊಳಿಸಬೇಕು. ಗೆಳತಿಯರೊಡನೆ ನಲವತ್ತು ನಿಮಿಷ ಆಡಿದ ಥ್ರೋಬಾಲ್, ಊಟ ಮಾಡಿದ ತಪ್ಪಿಗೆಂದು ನಲವತ್ತು ನಿಮಿಷ ಓಡಿದ ಓಟ, ಎರಡೂ ನಿಮಿಷಗಳ ಲೆಕ್ಕದಲ್ಲಿ ಒಂದೇ. ಆದ್ದರಿಂದ ಪ್ರತಿ ಪ್ರಶ್ನಾವಳಿಯೂ ವ್ಯಾಯಾಮ ತಪ್ಪಿಹೋದ ದಿನ ಆ ವ್ಯಕ್ತಿ ಹೇಗಿದ್ದರು, ಅಂದು ರಾತ್ರಿ ಊಟ ಮಾಡಿದರೇ ಎಂದು ವಿಚಾರಿಸಬೇಕು.