ನದಿಯಾಚೆಯ ಶಾಲಾಧಿಕಾರಿ: ಡೆಪ್ಯುಟಿ ಚನ್ನಬಸಪ್ಪ

ಹೂವಿನಹಡಗಲಿ ತಾಲ್ಲೂಕಿನ ಮಾಗಳ ತುಂಗಭದ್ರೆಯ ದಂಡೆಯ ಮೇಲಿನ ಊರು. ಬ್ರಿಟಿಷರ ಆಳ್ವಿಕೆಯಲ್ಲಿ ನದಿಯ ಈಚೆಯ ದಡ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆಚೆಯದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಸರಕಾರ ಬೇರೆಯಾಗಿದ್ದರೂ ಎರಡೂ ದಡಗಳ ಜನರ ಮಾತು ಕನ್ನಡವೇ ಆಗಿತ್ತು.

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ತಮ್ಮ ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಸರಕಾರಕ್ಕೆ ಕಳುಹಿಸಿದರು. ಒಂಬತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಗೆ ಇದ್ದ ಶಾಲೆಗಳು 533, ವಿದ್ಯಾರ್ಥಿಗಳು 6,641. ಅವರಲ್ಲಿ ಮುಸ್ಲಿಮರು ಕೇವಲ 243. ಇಡೀ ಜಿಲ್ಲೆಯ ಶಾಲೆಗಳಲ್ಲಿದ್ದ ಹೆಣ್ಣುಮಕ್ಕಳು 60; ಅವರಲ್ಲಿ ಒಬ್ಬಳೂ ಮುಸ್ಲಿಮಳಲ್ಲ. ಮನೆಯೊಳಗಿನ ಓದು ಈ ಲೆಕ್ಕದಲ್ಲಿ ಸೇರಿರಲಾರದು. ಆದರೂ ನಮ್ಮ ಹಿರಿಯರ ಮಕ್ಕಳು ಶಾಲೆಯಿಂದ ಎಷ್ಟು ದೂರವಿದ್ದರೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಮಕ್ಕಳು ಪದ್ಯಗಳನ್ನು ಬಾಯಿಪಾಠ ಮಾಡುತ್ತಾರೆ, ಅರ್ಥ ಮಾತ್ರ ತಿಳಿಯದು ಎಂಬ ಕೊರತೆಯನ್ನೂ ಕ್ಯಾಂಪ್‌ಬೆಲ್ ಬರೆದಿಟ್ಟಿದ್ದಾರೆ.

ಅರ್ಥವಾಗದ ಓದಿನ ಈ ಕಷ್ಟ ನದಿಯಾಚೆ ಇನ್ನೊಂದು ರೂಪದಲ್ಲಿತ್ತು. 1818ರವರೆಗೆ ಪೇಶ್ವೆಯರ ಅಧೀನದಲ್ಲಿದ್ದ ಧಾರವಾಡ ಸೀಮೆಯಲ್ಲಿ ಕಚೇರಿಯ ಭಾಷೆ ಮರಾಠಿ. ಬ್ರಿಟಿಷರು ಬಂದ ಮೇಲೂ ಸರಕಾರಿ ಶಾಲೆಗಳು ಮರಾಠಿಯಲ್ಲಿಯೇ ಆರಂಭವಾದವು. ಮರಾಠಿ ಶ್ರೀಮಂತ ಭಾಷೆಯೇ ಸರಿ. ಆದರೆ ಹೊಲದಲ್ಲಿ, ಸಂತೆಯಲ್ಲಿ, ತಾಯಿಯ ಮಡಿಲಲ್ಲಿ ಕನ್ನಡ ಕೇಳಿ ಬೆಳೆದ ಮಗುವಿಗೆ ಅದು ಪರಭಾಷೆಯಾಗಿತ್ತು. ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ 1830ರ ದಶಕದ ಆರಂಭದಲ್ಲಿ ಧಾರವಾಡದಲ್ಲಿ ಸ್ವಂತ ಖರ್ಚಿನಿಂದ ಕನ್ನಡ ಶಾಲೆಯೊಂದನ್ನು ತೆರೆದರು. ಆ ಬೀಜ ಮರವಾಗಲು ಈ ಮಣ್ಣಿನವರೇ ಒಬ್ಬರು ದುಡಿಯಬೇಕಾಯಿತು.

ಅವರೇ ಚನ್ನಬಸಪ್ಪ. ಹೆಚ್ಚಿನ ಓದಿಗಾಗಿ ಪುಣೆಗೆ ಹೋಗಿ ಕಲಿತು ಬಂದ ಅವರು ಧಾರವಾಡದ ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾದರು. ಮುಂದೆ ವಿದ್ಯಾ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾದರು. ಆ ಹುದ್ದೆಯೇ ಅವರ ಹೆಸರಿಗೆ ಅಂಟಿ 'ಡೆಪ್ಯುಟಿ ಚನ್ನಬಸಪ್ಪ' ಎಂದೇ ಪ್ರಸಿದ್ಧರಾದರು. ಮೇಲಧಿಕಾರಿ ರಸೆಲ್ ಅವರ ಬೆಂಬಲದೊಂದಿಗೆ ಕನ್ನಡ ನಾಡಿನ ಮಕ್ಕಳಿಗೆ ಕನ್ನಡ ಶಾಲೆಗಳು ಬೇಕೆಂದು ಶ್ರಮಿಸಿದರು. ಕಟ್ಟಡವಿದ್ದ ಮಾತ್ರಕ್ಕೆ ಶಾಲೆಯಾಗದು. ಕಲಿಸಬಲ್ಲ ಶಿಕ್ಷಕರೂ ಓದಬಲ್ಲ ಪುಸ್ತಕಗಳೂ ಬೇಕು. ಶಿಕ್ಷಕರನ್ನು ತಯಾರು ಮಾಡಿದಂತೆಯೇ ಲೇಖಕರನ್ನೂ ಹುರಿದುಂಬಿಸಿದರು, ತಾವೂ ಬರೆದರು. ಶೇಕ್ಸ್‌ಪಿಯರನ ನಾಟಕವೊಂದನ್ನು ಆಧರಿಸಿದ ಅವರ 'ನಗದವರನ್ನು ನಗಿಸುವ ಕಥೆ' 1871ರಲ್ಲಿ ಪ್ರಕಟವಾಯಿತು. ಐವತ್ತು ತುಂಬುವ ಮುನ್ನವೇ, 1881ರಲ್ಲಿ, ಅವರು ತೀರಿಕೊಂಡರು.

ಅವರು ನಮ್ಮ ಧರ್ಮದವರಲ್ಲ. ಆದರೆ ಒಳಿತು ಯಾರಿಂದ ಬಂದರೂ ಅದನ್ನು ಒಪ್ಪಿ ಸ್ಮರಿಸುವುದು ನ್ಯಾಯವಂತರ ಗುಣ. ಬದ್ರ್ ಯುದ್ಧದಲ್ಲಿ ಸೆರೆಸಿಕ್ಕ ಮಕ್ಕಾದ ಅಕ್ಷರಸ್ಥರಿಗೆ ಪ್ರವಾದಿ ಮುಹಮ್ಮದ್(ಸ)ರು ವಿಧಿಸಿದ ಬಿಡುಗಡೆಯ ಬೆಲೆ, ಮದೀನಾದ ಹತ್ತು ಮಕ್ಕಳಿಗೆ ಬರಹ ಕಲಿಸುವುದಾಗಿತ್ತೆಂದು ಚರಿತ್ರೆ ತಿಳಿಸುತ್ತದೆ. ಆ ಶಿಕ್ಷಕರು ಅನ್ಯಧರ್ಮೀಯರು ಮಾತ್ರವಲ್ಲ, ನಿನ್ನೆಯವರೆಗೆ ಶತ್ರುಗಳೂ ಆಗಿದ್ದರು. ಹಾಗೆ ಕಲಿತ ಬಾಲಕರಲ್ಲಿ ಝೈದ್ ಬಿನ್ ಸಾಬಿತ್(ರ) ಒಬ್ಬರೆಂದು ಹೇಳಲಾಗುತ್ತದೆ. ಪ್ರವಾದಿ(ಸ)ಯವರ ಸೂಚನೆಯಂತೆ ಅವರು ಯಹೂದಿಯರ ಲಿಪಿಯನ್ನೂ ಕಲಿತರು. ಮುಂದೆ ಪವಿತ್ರ ಕುರ್‌ಆನನ್ನು ಸಂಗ್ರಹಿಸುವ ಮಹಾಕಾರ್ಯ ಅವರ ಕೈಯಿಂದಲೇ ನಡೆಯಿತು. ಅಲ್ಲಾಹನು ಪ್ರತಿಯೊಬ್ಬ ಸಂದೇಶವಾಹಕರನ್ನೂ ಅವರ ಜನತೆಯ ಭಾಷೆಯಲ್ಲಿಯೇ ಕಳುಹಿಸಿದನೆಂದು ಸೂರಃ ಇಬ್ರಾಹೀಮ್ ನಮಗೆ ತಿಳಿಸುತ್ತದೆ. ತಿಳಿಯುವ ಮಾತಿನಲ್ಲಿ ತಿಳಿಸುವುದು ದೈವಿಕ ಕ್ರಮವೇ ಆಗಿದೆ.

ಚನ್ನಬಸಪ್ಪನವರ ಕಾಲದಲ್ಲಿಯೇ ಧಾರವಾಡ ಸೀಮೆಯಲ್ಲಿ ಮುಲ್ಕಿ ಪರೀಕ್ಷೆ ಪಾಸು ಮಾಡಿ ಹಳ್ಳಿಗಳಲ್ಲಿ ಕನ್ನಡ ಕಲಿಸಿದ ಒಬ್ಬ ಮುಸ್ಲಿಮ್ ಶಿಕ್ಷಕರಿದ್ದರು. ಅವರೇ ಶಿಶುನಾಳದ ಶರೀಫರು. ಅವರನ್ನು ತತ್ವಪದಗಳಿಂದ ಎಲ್ಲರೂ ಬಲ್ಲರು. ಶಾಲಾ ಮಾಸ್ತರರಾಗಿದ್ದುದನ್ನು ನೆನೆಯುವವರು ಕಡಿಮೆ. ಕನ್ನಡ ಶಾಲೆ ನಮಗೆ ಪರಕೀಯವಲ್ಲ ಎಂಬುದಕ್ಕೆ ಅವರ ಬದುಕೂ ಸಾಕ್ಷಿ.

ಚನ್ನಬಸಪ್ಪನವರು ತೀರಿಕೊಂಡ ಮರುವರ್ಷ ನೇಮಕಗೊಂಡ ಹಂಟರ್ ಆಯೋಗವು ಮುಸ್ಲಿಮ್ ಮಕ್ಕಳಿಗೆ ಹಿಂದೂಸ್ತಾನಿಯಲ್ಲಿ ಶಿಕ್ಷಣ ನೀಡಬೇಕೆಂದು ಶಿಫಾರಸು ಮಾಡಿತು; ಸಮುದಾಯವೇ ಬೇರೆ ಭಾಷೆ ಬಯಸಿದಲ್ಲಿ ಅದಕ್ಕೂ ಅವಕಾಶವಿಟ್ಟಿತು. ಆಯ್ಕೆ ನಮ್ಮ ಕೈಯಲ್ಲಿತ್ತು, ಇಂದಿಗೂ ಇದೆ. ಉರ್ದು ಮನೆಯ ಸಿರಿ, ಅರಬಿ ಆರಾಧನೆಯ ಭಾಷೆ. ಅವುಗಳನ್ನು ಕಾಯುತ್ತಲೇ ಕನ್ನಡವನ್ನು ಗಟ್ಟಿಯಾಗಿ ಕಲಿಯದಿದ್ದರೆ ಅರ್ಜಿ ಬರೆಯಲು, ಕಾನೂನು ತಿಳಿಯಲು, ನೆರೆಯವರಿಗೆ ನಮ್ಮ ದೀನನ್ನು ವಿವರಿಸಲು ಇನ್ನೊಬ್ಬರ ಬಾಯನ್ನು ಅವಲಂಬಿಸಬೇಕಾಗುತ್ತದೆ. ಈ ಸಾಲುಗಳನ್ನು ನೀವು ಕನ್ನಡದಲ್ಲಿ ಓದುತ್ತಿರುವುದರ ಹಿಂದೆಯೂ ಅಂದು ಶಾಲೆಗಳಿಗಾಗಿ ದುಡಿದವರ ಋಣವಿದೆ.

1823ರ ಲೆಕ್ಕದಲ್ಲಿ ನಮ್ಮ ಹೆಣ್ಣುಮಕ್ಕಳ ಅಂಕಣದಲ್ಲಿ ಸೊನ್ನೆಯಿತ್ತು. ಇಂದು ಮಾಗಳದಂತಹ ಊರುಗಳಲ್ಲಿಯೂ ಶಾಲೆಯ ಬಾಗಿಲು ಅವರಿಗೆ ತೆರೆದಿದೆ. ಬಡತನದ ನೆಪದಿಂದಲೋ ಬೇಗ ಮದುವೆ ಮಾಡುವ ಆತುರದಿಂದಲೋ ಓದನ್ನು ನಡುವೆ ಬಿಡಿಸಿದರೆ, ಆ ಸೊನ್ನೆಯನ್ನು ನಾವೇ ಮರಳಿ ಬರೆದಂತಾಗುತ್ತದೆ. ಮಕ್ಕಳು ಅಲ್ಲಾಹನು ನಮಗೆ ವಹಿಸಿದ ಅಮಾನತ್ತು. ಅದರ ಲೆಕ್ಕ ಕೇಳುವವನು ಯಾವ ಕಲೆಕ್ಟರನೂ ಅಲ್ಲ, ಸರ್ವಜ್ಞನಾದ ನಮ್ಮ ಪ್ರಭು. ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನು ಅವನು ಕರುಣಿಸಲಿ. ಆಮೀನ್.